ಹೆಲ್ಮೆಟ್ ಒಳಗಿನ ಮಂಜು

ತಿಪ್ಪಸಂದ್ರ ಅಂದ ಕೂಡ್ಲೇ ಆಫೀಸಿನವರು "ಇಂದಿರಾನಗರದ ಪಕ್ಕದ್ದಾ?" ಅಂತಾರೆ. ಅಲ್ಲ, ನಮ್ಮದು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ. ಭಾನುವಾರ ಊರಲ್ಲಿದ್ದು, ಸೋಮವಾರ ನಸುಕಿಗೇ ಬೈಕ್ ಹತ್ತಿ ಬೆಂಗಳೂರಿಗೆ ಹೊರಡೋದು ನನ್ನ ರೂಢಿ.

ಕಳೆದ ಡಿಸೆಂಬರ್‌ನ ಒಂದು ಸೋಮವಾರ ರಸ್ತೆ ಮೇಲೂ ಮಂಜು, ಹೆಲ್ಮೆಟ್ ಒಳಗೂ ಮಂಜು. ನನ್ನ ಉಸಿರೇ ತಣ್ಣನೆಯ ವೈಸರಿಗೂ ಕನ್ನಡಕಕ್ಕೂ ಬಡಿದು ಎದುರಿಗೆಲ್ಲ ಬರೀ ಬಿಳಿ. ಬೆರಳಲ್ಲಿ ಒರೆಸಿ ನೋಡಿದ್ರೆ, ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೊರಟಿದ್ದ ತಾತ ಎರಡೇ ಮಾರು ದೂರದಲ್ಲಿ! ಬ್ರೇಕ್ ಒತ್ತಿದೆ, ಬೈಕ್ ಮಣ್ಣಿಗಿಳಿದು ನಿಂತಿತು. "ಕಣ್ ಕಾಣಕಿಲ್ವೇನಪ್ಪಾ?" ಅಂದ್ರು. ನಿಜಕ್ಕೂ ಕಂಡಿರಲಿಲ್ಲ.

ಆ ವಾರವೇ ನೀರು ಜಾರಿಸುವ ಸ್ಪ್ರೇ ತರಿಸಿ ವೈಸರಿನ ಒಳಗೂ ಹೊರಗೂ ಹೊಡೆದೆ. ಹೊರಗೆ ನೀರು ಮುತ್ತಿನ ಹಾಗೆ ಉರುಳಿತು. ಒಳಗೆ ಮಾತ್ರ ಮಂಜು ಹಾಗೇ ಕೂತಿತ್ತು.

ಯಾಕೆ ಅಂತ ಓದುತ್ತಾ ಹೋದಾಗ ಗೊತ್ತಾಯ್ತು: ನೀರು ಜಾರಿಸೋದು ಬೇರೆ, ಮಂಜು ತಡೆಯೋದು ಬೇರೆ. ಮಂಜು ಅಂದ್ರೆ ಸಾವಿರಾರು ಸಣ್ಣ ಹನಿ. ಒಂದೊಂದೂ ಬೆಳಕನ್ನ ಚದುರಿಸುತ್ತೆ. ನೀರನ್ನ ದೂರ ತಳ್ಳುವ ಮೇಲ್ಮೈಯಲ್ಲಿ ಅವು ಗುಂಡಗೇ ಉಳಿಯುತ್ತವೆ. ಸೋಪು ಇದಕ್ಕೆ ಉಲ್ಟಾ: ಹನಿಗಳನ್ನ ಹರಡಿ ತೆಳು ಪದರ ಮಾಡುತ್ತೆ, ಅದರಾಚೆ ಸ್ಪಷ್ಟವಾಗಿ ಕಾಣುತ್ತೆ. ಆದರೆ ಸೋಪು ಬೇಗ ತೊಳೆದುಹೋಗುತ್ತೆ.

ಹಾಗಾದ್ರೆ ತಾವರೆ ಎಲೆ? ಮೇಲಿಂದ ಬಿದ್ದ ಹನಿ ಅದರ ಮೇಲೆ ಜಾರುತ್ತೆ ನಿಜ. ಆದರೆ ಹಬೆ ಹಿಡಿದರೆ, ಎಲೆಯ ಸೂಕ್ಷ್ಮ ಉಬ್ಬುಗಳ ಸಂದಿಯಲ್ಲೇ ಹುಟ್ಟಿದ ಹನಿ ಅಲ್ಲೇ ಅಂಟಿಕೊಳ್ಳುತ್ತೆ. ಈ ವಿಷಯದಲ್ಲಿ ತಾವರೆಗಿಂತ ಸೊಳ್ಳೆ ಜಾಣ! ಮಂಜಿನಲ್ಲೂ ಅದರ ಕಣ್ಣು ಒಣಗಿಯೇ ಇರುತ್ತೆ ಅಂತ 2007ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಅದರ ಮೇಲಿರೋದು ಸುಮಾರು 100 ನ್ಯಾನೋಮೀಟರ್‌ನ ಮೊಗ್ಗುಗಳು. ಹನಿ ಅಂಟೋಕೆ ಜಾಗವೇ ಇಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆ 400ರಿಂದ 700 ನ್ಯಾನೋಮೀಟರ್. ಅದಕ್ಕಿಂತ ಸಣ್ಣ ಉಬ್ಬು ಗಾಜನ್ನ ಮಸುಕು ಮಾಡಲ್ಲ.

ಅದನ್ನೇ ಗಾಜಿನ ಮೇಲೆ ಮಾಡಿಬಿಡಬಹುದಲ್ಲ? ಪ್ರಯೋಗಾಲಯದಲ್ಲಿ ಮಾಡ್ತಾರೆ. ಕಷ್ಟ ಇರೋದು ಬಾಳಿಕೆಯಲ್ಲಿ. ಅಷ್ಟು ಸಣ್ಣ ಮೊಗ್ಗುಗಳು ಉಜ್ಜಿದರೆ ಮುರಿಯುತ್ತವೆ, ಬೆರಳಿನ ಜಿಡ್ಡು ತುಂಬಿದರೆ ಕೆಲಸ ನಿಲ್ಲಿಸುತ್ತವೆ. ನಮ್ಮನೆಯಲ್ಲಂತೂ ಮುದ್ದೆ ತಿರುವುವಾಗ ಕನ್ನಡಕಕ್ಕೆ ಹಬೆ ಬಂದ್ರೆ ಅವ್ವ ಸೆರಗಲ್ಲೇ ತಿಕ್ತಾಳೆ. ಯಾವ ಲೇಪನವೇ ಆಗಲಿ, ಆ ಸೆರಗನ್ನ ತಡೆದುಕೊಳ್ಳಬೇಕು.

ಇದು ಬರೀ ನಮ್ಮ ಗೋಳಲ್ಲ. 1966ರ ಜೂನ್‌ನಲ್ಲಿ ಜೆಮಿನಿ-9ಎ ನೌಕೆಯಿಂದ ಹೊರಬಂದ ಯೂಜೀನ್ ಸರ್ನನ್ ಅವರ ಹೆಲ್ಮೆಟ್‌ಗೂ ಹೀಗೇ ಮಂಜು ಕವಿದು, ಅವರು ಯೋಜಿಸಿದ್ದ ಪ್ರಯೋಗ ಬಿಟ್ಟು ಒಳಗೆ ಹೋಗಬೇಕಾಯ್ತು.

ಗಟ್ಟಿ ಲೇಪನ ಕೈಗೆಟುಕೋವರೆಗೆ ನನ್ನ ಉಪಾಯ ಇಷ್ಟು: ವೈಸರಿನ ಒಳಗೆ ಮಂಜು ತಡೆಯೋ ಹಾಳೆ, ಹೊರಗೆ ಮಾತ್ರ ನೀರು ಜಾರಿಸೋ ಸ್ಪ್ರೇ, ಗಾಳಿಕಿಂಡಿ ಸದಾ ತೆರೆದು. ಎಲ್ಲಕ್ಕಿಂತ ಮುಖ್ಯ, ಬಿಸಿಲು ಬಂದ ಮೇಲೆ ಹೊರಡೋದು. ಸೋಮವಾರದ ಮೀಟಿಂಗ್‌ಗೆ ಅರ್ಧ ಗಂಟೆ ತಡವಾಗಿ ಬರ್ತೀನಿ ಅಂತ ಮ್ಯಾನೇಜರಿಗೆ ಹೇಳಿಬಿಟ್ಟಿದ್ದೀನಿ.

ಈಗ ದಾರಿಯಲ್ಲಿ ಆ ತಾತ ಸಿಕ್ಕಿದ್ರೆ ಬೈಕ್ ನಿಧಾನ ಮಾಡಿ, ವೈಸರ್ ಎತ್ತಿ ಕೈ ಮುಗಿದು ಮುಂದೆ ಹೋಗ್ತೀನಿ.