ಲಯಜ್ಞಾನವೂ ಛಂದೋಬೋಧನೆಯೂ

ಶ್ರುತಿಯು ತಾಯಿ, ಲಯವು ತಂದೆ ಎಂಬುದು ಸಂಗೀತಜ್ಞರ ರೂಢಿಮಾತು. ನಮ್ಮ ಶಾಲೆಗಳಲ್ಲಿ ತಾಯಿಗೆ ದೊರೆತಷ್ಟು ಮನ್ನಣೆ ತಂದೆಗೆ ದೊರೆತಿಲ್ಲ. ಇಂಪಾದ ಕಂಠವುಳ್ಳ ಬಾಲಕನನ್ನು ಪ್ರಾರ್ಥನೆಗೆ ಆರಿಸುತ್ತೇವೆ. ಆತನ ತಾಳ ತಪ್ಪುತ್ತಿದೆಯೇ ಎಂದು ವಿಚಾರಿಸುವವರು ವಿರಳ. ಅದರಲ್ಲಿಯೂ ಕೈಯಲ್ಲೊಂದು ನಡೆ, ಬಾಯಲ್ಲೊಂದು ನಡೆಯನ್ನು ಏಕಕಾಲದಲ್ಲಿ ನಿರ್ವಹಿಸುವ ವಿದ್ಯೆಯನ್ನು ಮೃದಂಗ ವಿದ್ವಾಂಸರ ಚಮತ್ಕಾರವೆಂದು ಭಾವಿಸಿ ದೂರವಿರಿಸಿದ್ದೇವೆ. ಇದು ಉಚಿತವಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ.

ಈ ವಿದ್ಯೆಯ ಮೊದಲ ಪಾಠಕ್ಕೆ ವಾದ್ಯವೇ ಬೇಕಿಲ್ಲ. ಕೈಯಲ್ಲಿ ಸಮವಾದ ನಾಲ್ಕು ಪೆಟ್ಟುಗಳನ್ನು ಹಾಕುತ್ತ, ಒಂದೊಂದು ಪೆಟ್ಟಿಗೂ ‘ತಕಿಟ’ ಎಂದು ನುಡಿದರೆ ಒಟ್ಟು 12 ಅಕ್ಷರಗಳಾಗುತ್ತವೆ. ಇದು ತಿಶ್ರ ನಡೆ. ಬಳಿಕ ಕೈಯನ್ನಾಗಲಿ ಅಕ್ಷರಗಳ ವೇಗವನ್ನಾಗಲಿ ಬದಲಿಸದೆ, ಅದೇ 12 ಅಕ್ಷರಗಳ ಅವಧಿಯಲ್ಲಿ ‘ತಕಧಿಮಿ’ಯನ್ನು ಮೂರು ಬಾರಿ ನುಡಿಯಬೇಕು. ಆಗ ಪೆಟ್ಟುಗಳು ಮೊದಲನೆಯ ತಕಧಿಮಿಯ ‘ತ’ ಮತ್ತು ‘ಮಿ’, ಎರಡನೆಯದರ ‘ಧಿ’, ಮೂರನೆಯದರ ‘ಕ’ ಅಕ್ಷರಗಳ ಮೇಲೆ ಬೀಳುತ್ತವೆ. ಪೆಟ್ಟೂ ‘ತ’ಕಾರವೂ ಮತ್ತೆ ಕೂಡುವುದು ಮುಂದಿನ ಆವರ್ತದ ಆರಂಭದಲ್ಲಿಯೇ. ಹೊಸಬರ ಕೈ ‘ತ’ಕಾರವನ್ನು ಬೆನ್ನಟ್ಟಿ, ನಾಲ್ಕು ಪೆಟ್ಟುಗಳು ಮೂರಾಗುವುದು ಸಹಜ. ಒಂದನ್ನು ಬಿಡದೆ ಇನ್ನೊಂದನ್ನು ಆಲಿಸುವುದೇ ಇಲ್ಲಿನ ಸಾಧನೆ.

ಕನ್ನಡ ಅಧ್ಯಾಪಕರಿಗೆ ಇದರಿಂದೇನು ಪ್ರಯೋಜನ? ಕುಮಾರವ್ಯಾಸನು ಬಳಸಿದ ಭಾಮಿನಿ ಷಟ್ಪದಿಯನ್ನೇ ನೋಡೋಣ. ಅದರಲ್ಲಿ 3 ಮತ್ತು 4 ಮಾತ್ರೆಯ ಗಣಗಳು ಒಂದಾದ ಮೇಲೊಂದು ಬಂದು, ಮೊದಲೆರಡು ಪಾದಗಳಲ್ಲಿ ತಲಾ 14 ಮಾತ್ರೆಗಳಾಗುತ್ತವೆ. 4 ಮಾತ್ರೆಗೊಂದು ಪೆಟ್ಟು ಹಾಕುತ್ತ ಓದಿದರೆ ಮೊದಲ ಪಾದವು ಪೆಟ್ಟಿನ ನಡುವೆ ಮುಗಿಯುತ್ತದೆ. ಏಳನೆಯ ಪೆಟ್ಟಿನ ಮಾತ್ರೆಗಳು ತೀರುವಾಗ ಎರಡನೆಯ ಪಾದವೂ ತೀರುತ್ತದೆ. ಗಣಗಳ ಏರಿಳಿತವು ಆಗ ಕಿವಿಗೆ ಗೋಚರಿಸುತ್ತದೆ. ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿ ಪೂರ್ಣಾಂಕ ಪಡೆದ ವಿದ್ಯಾರ್ಥಿಯೇ ಆ ಪದ್ಯವನ್ನು ಗದ್ಯದಂತೆ ಓದುವುದನ್ನು ನಾವೆಲ್ಲರೂ ಕೇಳಿದ್ದೇವೆ.

ಗಮಕಕ್ಕೆ ತಾಳದ ಕಟ್ಟಿಲ್ಲ, ಲೆಕ್ಕಾಚಾರವು ಭಾವಕ್ಕೆ ಕೇಡು ಎಂದು ಆಕ್ಷೇಪಿಸುವವರುಂಟು. ಕಟ್ಟನ್ನು ಅರಿತವನೇ ಅದನ್ನು ಹದವರಿತು ಸಡಿಲಿಸಬಲ್ಲನೆಂಬುದು ಅವರಿಗೆ ನನ್ನ ಉತ್ತರ.

ಆದುದರಿಂದ ಛಂದಸ್ಸಿನ ಪಾಠದಲ್ಲಿ ಹತ್ತು ನಿಮಿಷಗಳನ್ನಾದರೂ ಈ ಅಭ್ಯಾಸಕ್ಕೆ ಮೀಸಲಿಡಬೇಕೆಂದು ಅಧ್ಯಾಪಕ ಮಿತ್ರರಲ್ಲಿ ಅರಿಕೆ. ಉದಾರಿಗಳಾದ ದಾನಿಗಳಲ್ಲಿಯೂ ಒಂದು ವಿಜ್ಞಾಪನೆ: ವಾದ್ಯಗಳ ದಾನವು ಶ್ಲಾಘ್ಯವೇ, ಆದರೆ ನುಡಿಸಲು ಕಲಿಸುವವರಿಲ್ಲದ ಮೃದಂಗವು ಬೀರುವಿನಲ್ಲಿ ಮೌನವಾಗಿರುತ್ತದೆ. ಲಯ ಬಲ್ಲ ಅಧ್ಯಾಪಕರೊಬ್ಬರ ವೇತನಕ್ಕೆ ನೆರವಾದರೆ, ವಾದ್ಯವಿಲ್ಲದ ಮಗುವಿನ ಕೈಗೂ ತಾಳ ದೊರೆಯುತ್ತದೆ.