ಎರೆಹೊಲದಲ್ಲಿ ನಡೆದು ತೋರಿಸಲಿ

ಸೈನ್ಸ್ ಫಿಕ್ಷನ್ ಸಿನಿಮಾ ನೋಡೋರಲ್ಲಿ ಎರಡು ಪಕ್ಷ. ಆನೆಯ ಹಾಗೆ ಕಾಲಿಟ್ಟು ಬರುವ ಯುದ್ಧಯಂತ್ರ ಮೇಲೋ, ನೆಲ ಮುಟ್ಟದೆ ತೇಲಿ ಬರುವ ಟ್ಯಾಂಕ್ ಮೇಲೋ? 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಹಿಮದ ಮೇಲೆ ನಡೆದು ಬರುವ ಎಟಿ-ಎಟಿ ಯಂತ್ರಗಳನ್ನು ಕಂಡು ಬೆರಗಾದವರು ಮೊದಲ ಪಕ್ಷ. 1999ರ ‘ದಿ ಫ್ಯಾಂಟಮ್ ಮೆನೇಸ್’ನಲ್ಲಿ ಹುಲ್ಲುಗಾವಲಿನ ಮೇಲೆ ತೇಲಿ ಬರುವ ಟ್ಯಾಂಕುಗಳನ್ನು ಮೆಚ್ಚಿದವರು ಎರಡನೆಯವರು. ಎರಡೂ ಒಂದೇ ಸ್ಟಾರ್ ವಾರ್ಸ್ ಸರಣಿ, ಅದು ಬೇರೆ ಮಾತು. ನಮ್ಮ ತಕರಾರು ಇಬ್ಬರ ಮೇಲೂ ಇದೆ. ಯಂತ್ರದ ಬಗ್ಗೆ ಇಷ್ಟು ಜಗಳ ಆಡೋರು ನೆಲದ ಬಗ್ಗೆ ಮಾತೇ ಎತ್ತಲ್ಲ. ಗಟ್ಟಿ ಹಿಮ, ಸಮತಟ್ಟು ಹುಲ್ಲು ಸಿಕ್ಕರೆ ಯಾವ ಯಂತ್ರ ತಾನೆ ಓಡಲ್ಲ? ಎರಡನ್ನೂ ಒಮ್ಮೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಇಳಿಸಿ ನೋಡೋಣ.

ಅಲ್ಲಿನದು ತೊಗರಿ ಬೆಳೆಯುವ ಎರೆಭೂಮಿ. ದಖ್ಖನ್ನಿನ ಕಪ್ಪುಕಲ್ಲು ಸವೆದು ಆದ ಮಣ್ಣು. ಅದರಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಹಾಗಾಗಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಅಂಟು ಕೆಸರು. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಚಪ್ಪಲಿಗಿಂತ ಅದಕ್ಕೆ ಮೆತ್ತಿದ ಮಣ್ಣೇ ಭಾರ. ಟ್ರ್ಯಾಕ್ಟರ್ ಹೂತರೆ ಎಳೆಯೋಕೆ ಇನ್ನೊಂದು ಟ್ರ್ಯಾಕ್ಟರ್ ಬರಬೇಕು, ಕೆಲವೊಮ್ಮೆ ಅದೂ ಹೂತು ಕೂರುತ್ತೆ.

ಮೊದಲು ದೈತ್ಯ ಕಾಲಿನ ಯಂತ್ರ. ಇದರ ಕಥೆ ಬೇಗ ಮುಗಿಯುತ್ತೆ. ಒಂದು ಪ್ರಾಣಿಯನ್ನು ಅದೇ ಆಕಾರದಲ್ಲಿ ಎರಡು ಪಟ್ಟು ಎತ್ತರ ಮಾಡಿದರೆ ತೂಕ ಎಂಟು ಪಟ್ಟಾಗುತ್ತೆ, ಪಾದದ ವಿಸ್ತೀರ್ಣ ಮಾತ್ರ ನಾಲ್ಕೇ ಪಟ್ಟು. ಅಂದರೆ ನೆಲದ ಮೇಲಿನ ಒತ್ತಡ ಎರಡು ಪಟ್ಟು. ಹತ್ತು ಪಟ್ಟು ಎತ್ತರಿಸಿದರೆ ಒತ್ತಡವೂ ಹತ್ತು ಪಟ್ಟು. ಎಚ್.ಜಿ. ವೆಲ್ಸ್ 1898ರ ಕಾದಂಬರಿಯಲ್ಲಿ ಮಂಗಳ ಗ್ರಹದವರನ್ನು ಮೂರು ಕಾಲಿನ ಯಂತ್ರದಲ್ಲಿ ಇಂಗ್ಲೆಂಡಿಗೆ ಕಳಿಸಿದ. ಶ್ರಾವಣದಲ್ಲಿ ಜೇವರ್ಗಿಗೆ ಕಳಿಸಿದ್ದರೆ ಮೊಣಕಾಲಿನತನಕ ಹೂತು ನಿಂತಿರುತ್ತಿದ್ದರು.

ತೇಲುವ ವಾಹನದ ಲೆಕ್ಕ ಇದಕ್ಕಿಂತ ಚೆನ್ನಾಗಿದೆ. ಸಿನಿಮಾದ ಆಂಟಿ-ಗ್ರ್ಯಾವಿಟಿ ನಮ್ಮ ಭೌತಶಾಸ್ತ್ರದಲ್ಲಿಲ್ಲ, ಹಾಗಾಗಿ ಹತ್ತಿರದ ನೆಂಟ ಹೋವರ್‌ಕ್ರಾಫ್ಟನ್ನೇ ಹಿಡಿಯೋಣ. 1959ರಲ್ಲೇ ಎಸ್‌ಆರ್‌.ಎನ್‌1 ಇಂಗ್ಲಿಷ್ ಕಾಲುವೆ ದಾಟಿತು. ನಮ್ಮ ಕೋಸ್ಟ್ ಗಾರ್ಡ್ ಗುಜರಾತ್ ಕರಾವಳಿಯಲ್ಲಿ ಇವನ್ನು ಬಳಸುತ್ತೆ. 10 ಟನ್ ವಾಹನ 10 ಮೀಟರ್ ಉದ್ದ, 6 ಮೀಟರ್ ಅಗಲದ ಗಾಳಿಹಾಸಿಗೆ ಮೇಲೆ ಕೂತರೆ ಒಂದು ಚದರ ಸೆಂಟಿಮೀಟರ್ ನೆಲಕ್ಕೆ ಬೀಳೋ ಭಾರ ಸುಮಾರು 17 ಗ್ರಾಂ. 60 ಕಿಲೋ ಮನುಷ್ಯ ಒಂಟಿ ಕಾಲೂರಿದರೆ 300 ಗ್ರಾಂ ಆಸುಪಾಸು. ಕೆಸರಿನ ಮೇಲೆ ಗೆದ್ದಂತೆಯೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಊರುಗಳಿಗೆ ನುಗ್ಗಿದಳಲ್ಲ, ಎಲ್ಲಿ ನೀರು ಮುಗಿದು ಎಲ್ಲಿ ಕೆಸರು ಶುರುವಾಯ್ತು ಅಂತ ಗೊತ್ತಾಗದ ಅಂಥ ಹೊತ್ತಲ್ಲಿ ಇದಕ್ಕಿಂತ ಒಳ್ಳೆಯ ವಾಹನ ಇಲ್ಲ. ಅಷ್ಟು ಒಪ್ಪಿದೆವು.

ಆದರೆ ನೆರೆ ವರ್ಷದಲ್ಲಿ ಕೆಲವೇ ದಿನ. ಉಳಿದ ದಿನ? ಹೊಲಕ್ಕೊಂದು ಬದು, ಬದುವಿಗೊಂದು ಜಾಲಿ. ಮುಳ್ಳಿಗೆ ಸಿಕ್ಕರೆ ವಾಹನದ ರಬ್ಬರ್ ಲಂಗ ಹರಿಯುತ್ತೆ. ಬೇಸಿಗೆಯ ಬಿರುಕಲ್ಲಿ ಗಾಳಿ ಸೋರುತ್ತೆ. ಇಳಿಜಾರಲ್ಲಿ ತಾನಾಗೇ ಜಾರುತ್ತೆ, ಯಾಕಂದ್ರೆ ಹಿಡಿತವೇ ಇಲ್ಲ. ಅದೇ ಕಾರಣಕ್ಕೆ ಏನನ್ನೂ ಜೋರಾಗಿ ಎಳೆಯಲೂ ಆಗದು. ಯುದ್ಧದ ಮಾತೇ ಆಡೋದಾದ್ರೆ ದೊಡ್ಡ ತೋಪು ಹಾರಿಸಿದ ಕೂಡಲೇ ಹಿಂದಕ್ಕೆ ಸರಿದು ಪಕ್ಕದವನ ಹೊಲದಲ್ಲಿರುತ್ತೆ. ನ್ಯೂಟನ್ನನ ಮೂರನೇ ನಿಯಮಕ್ಕೆ ಹದ್ದುಬಸ್ತು ಗೊತ್ತಿಲ್ಲ.

ಹಾಗಾದ್ರೆ ನಮ್ಮ ಓಟು ಕಾಲಿಗೇ, ಆದರೆ ಸಣ್ಣ ಕಾಲಿಗೆ. ಚಕ್ರಕ್ಕೆ ಇಡೀ ದಾರಿ ಬೇಕು, ಕಾಲಿಗೆ ಅಲ್ಲಲ್ಲಿ ಹೆಜ್ಜೆಯಷ್ಟು ನೆಲ ಸಾಕು. ಸಿನಿಮಾದವರು ದೊಡ್ಡದೇ ಚೆಂದ ಅಂದುಕೊಂಡರೆ ನಿಜವಾದ ಸೈನ್ಯಗಳು ಹೋಗ್ತಿರೋದು ಸಣ್ಣದರ ಕಡೆ. ಅಮೆರಿಕದ ಮೆರೀನ್ ಪಡೆ ಎಲ್‌ಎಸ್‌3 ಎಂಬ ನಾಲ್ಕು ಕಾಲಿನ ಹೊರೆಯಂತ್ರವನ್ನು 2015ರಲ್ಲಿ ಪಕ್ಕಕ್ಕಿಟ್ಟಿತು, ಎಂಜಿನ್ ಗದ್ದಲಕ್ಕೆ ಶತ್ರು ಎಚ್ಚರಾಗ್ತಾನೆ ಅಂತ. ಬ್ಯಾಟರಿಯ ಸಣ್ಣ ಯಂತ್ರಗಳಿಗೆ ಆ ತೊಂದರೆ ಇಲ್ಲ. 2025ರ ಜನವರಿ 15ರಂದು ಪುಣೆಯ ಸೇನಾ ದಿನದ ಪಥಸಂಚಲನದಲ್ಲಿ ನಮ್ಮ ಸೈನ್ಯದ ರೋಬೊ ಹೇಸರಗತ್ತೆಗಳು ಸಾಲಾಗಿ ನಡೆದವು. ಆದರೆ ತೊಗರಿ ಚೀಲ ಹೊರುವಷ್ಟು ಕಸುವು ಅವಕ್ಕಿನ್ನೂ ಬಂದಿಲ್ಲ. ನಡೆದದ್ದೂ ಸಮತಟ್ಟು ನೆಲದ ಮೇಲೆ.

ಕೆಸರಲ್ಲಿ ಕಾಲಿಡೋದು ಸುಲಭ, ಕಿತ್ತುಕೊಳ್ಳೋದೇ ಕಷ್ಟ. ಅಡಿಯಲ್ಲಿ ಗಾಳಿ ಹೋಗಲು ದಾರಿಯಿಲ್ಲದೆ ಮಣ್ಣು ಪಾದವನ್ನು ಹೀರಿ ಹಿಡಿಯುತ್ತೆ. ಎತ್ತಿನ ಗೊರಸು ನೋಡಿ. ಭಾರ ಬಿದ್ದಾಗ ಎರಡು ಸೀಳು ಅಗಲವಾಗುತ್ತೆ, ಎತ್ತುವಾಗ ಕೂಡಿಕೊಂಡು ಸಣ್ಣದಾಗುತ್ತೆ, ಮಣ್ಣಿನ ಹಿಡಿತ ಸಡಿಲುತ್ತೆ. ಆ ಜೋಡಿ ಎತ್ತುಗಳು ಹಟ್ಟಿಯಿಂದ ಹಟ್ಟಿಗೆ ಕಡಿಮೆಯಾಗ್ತಿವೆ. ಸಾಕೋ ಖರ್ಚು ಅಷ್ಟಿದೆ. ಟ್ರ್ಯಾಕ್ಟರಿಗೆ ಮಳೆ ಬಿದ್ದ ಹೊಲದೊಳಗೆ ದಾರಿಯಿಲ್ಲ. ನಡುವಿನ ಆ ಜಾಗ ಖಾಲಿ ಬಿದ್ದಿದೆ. ರಾಶಿ ಹೊತ್ತಲ್ಲಿ ಅಕಾಲದ ಮಳೆ ಬಂದಾಗ ಹೊಲದಲ್ಲೇ ನೆನೆಯೋ ತೊಗರಿ, ದಾರಿ ಇಲ್ಲದ್ದಕ್ಕೆ ಹೊರಸಿನ ಮೇಲೆ ಹೊತ್ತು ತರಬೇಕಾದ ಕಾಯಿಲೆಯವರು, ಎಲ್ಲ ಆ ಖಾಲಿ ಜಾಗದ್ದೇ ಲೆಕ್ಕ.

ಅಂತಿಮ ವರ್ಷದ ಪ್ರಾಜೆಕ್ಟಿಗೆ ಕಾಲಿನ ರೋಬೊ ಮಾಡುವವರು ನಮ್ಮಲ್ಲೂ ಇದ್ದಾರೆ. ಲ್ಯಾಬಿನ ಟೈಲ್ಸ್ ಮೇಲೆ ಅದು ಚೆನ್ನಾಗೇ ನಡೆಯುತ್ತೆ. ಒಂದು ಬುಟ್ಟಿ ಎರೆಮಣ್ಣು ನಾವು ತಂದುಕೊಡ್ತೀವಿ, ನೀರು ನಿಮ್ಮದು.