ಕೆಂಪಗಾಗದ ಲೋಹಕ್ಕೆ ಕರೆಂಟಿನ ಕುಲುಮೆ
ಈ ವಾರ ಮಧುಗಿರಿ ಕಡೆಯ ಕುಲುಮೆಯೊಂದರಲ್ಲಿ ಕುಡುಗೋಲಿಗೆ ಕಕ್ಕು ಹಾಕಿಸಲು ಕೂತಿದ್ದಾಗ, ‘ಅಲ್ಯೂಮಿನಿಯಂ ಬಡಿಯಲ್ವಾ ಆಚಾರ್ರೇ?’ ಎಂದೆ. ‘ಅದು ಕೆಂಪಗಾಗೋದೇ ಇಲ್ಲ ಸ್ವಾಮಿ, ನೋಡ್ತಾ ನೋಡ್ತಾ ಕರಗಿಬಿಡುತ್ತೆ’ ಎಂದರು. ವಿಮಾನಕ್ಕೆ ಬಳಸುವ 7075ರಂಥ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ ತಕರಾರೂ ಹೆಚ್ಚುಕಡಿಮೆ ಇದೇ: ತಣ್ಣಗೆ ಬಗ್ಗಿಸಿದರೆ ಬಿರುಕು ಬಿಡುತ್ತದೆ, ಇಲ್ಲವೇ ಹಿಂದಕ್ಕೆ ಸೆಟೆಯುತ್ತದೆ, ಹೆಚ್ಚು ಕಾಯಿಸಿದರೆ ಗಟ್ಟಿತನವೇ ಹೋಗುತ್ತದೆ. ಇದಕ್ಕೊಂದು ಮದ್ದು, ಒತ್ತುವ ಹೊತ್ತಿಗೇ ತಗಡಿನೊಳಗೆ ಭಾರೀ ಕರೆಂಟನ್ನು ಕ್ಷಣಕ್ಷಣ ಬಿಟ್ಟು ಹಾಯಿಸುವುದು. ಲೋಹ ಒಳಗಿನಿಂದಲೇ ಬಿಸಿಯಾಗಿ ಮಣಿಯುತ್ತದೆ. ಮಣಿಸುವುದು ಬರೀ ಬಿಸಿಯೋ, ಹರಿಯುವ ಎಲೆಕ್ಟ್ರಾನುಗಳೂ ಕೈಜೋಡಿಸುತ್ತವೋ ಎಂಬ ವಾದ, 1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಟ್ರಾಯಿಟ್ಸ್ಕಿ ನಡೆಸಿದ ಪ್ರಯೋಗಗಳಿಂದ ಶುರುವಾಗಿ, ಇನ್ನೂ ಮುಗಿದಿಲ್ಲ. ನನ್ನ ಕುತೂಹಲ ಬೇರೆ. ಒಂದು ಟನ್ ಅಲ್ಯೂಮಿನಿಯಂ ಹುಟ್ಟಲಿಕ್ಕೇ ಸುಮಾರು 14,000 ಯೂನಿಟ್ ಕರೆಂಟ್ ಬೇಕು. ಯಾರಿಗೂ ಬಗ್ಗದ ಮಗ ಹೆತ್ತವ್ವನ ಮಾತಿಗೆ ಬಗ್ಗಿದಂತೆ, ಅದು ಕೊನೆಗೆ ಕರೆಂಟಿಗೇ ಬಗ್ಗುತ್ತಿದೆ. ಆ ಕರೆಂಟು ನಮ್ಮಲ್ಲೇ ಹುಟ್ಟುತ್ತದೆ: ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಇದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಆದರೂ ನಮ್ಮ ಕರೆಂಟು ತಂತಿ ಹಿಡಿದು ದೂರ ಹೋಗುತ್ತಿದೆ. ಶಿರಾ, ಕೊರಟಗೆರೆಯ ಐಟಿಐ ಹುಡುಗರು ಬಸ್ಸು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದಾರೆ. ಕರೆಂಟನ್ನೂ ಹುಡುಗರನ್ನೂ ತಗಡು ಒತ್ತುವ ಒಂದೇ ಪ್ರೆಸ್ಸಿನ ಮುಂದೆ ನಿಲ್ಲಿಸುವ ತರಬೇತಿ ಶೆಡ್ಡೊಂದು ಈ ತಾಲ್ಲೂಕುಗಳಲ್ಲಿ ಎಲ್ಲಾದರೂ ಏಳಲಿ, ಆಚಾರ್ರ ಕುಲುಮೆ ಆರುವ ಮುನ್ನ.